ಮನೆಯಲ್ಲಿ ಸಿಕ್ಕಿಕೊಂಡ ಮಗುವಿಗೆ ಒಂದು ಕಾಯಕ ಕೊಡಿ

ನಿಂತ ನೀರು ಪಾಚಿಗಟ್ಟುತ್ತದೆ. ಗೂಟಕ್ಕೆ ಕಟ್ಟಿದ ಕರು ಹಗ್ಗ ಜಗ್ಗಿ ಜಗ್ಗಿ, ಕೊನೆಗೆ ತಲೆ ತಗ್ಗಿಸಿ ಮಲಗಿಬಿಡುತ್ತದೆ. ಹಳ್ಳಿಯ ಹಿರಿಯರಾದ ನಿಮಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ. ಆದರೆ ಮನೆಯೊಳಗೆ ಸಿಕ್ಕಿಕೊಂಡ ಮಗುವಿನ ವಿಷಯದಲ್ಲಿ ಮಾತ್ರ ಈ ತಿಳಿವಳಿಕೆ ನಮಗೆ ಮರೆತುಹೋಗುತ್ತದೆ. ಗಲಾಟೆ ಮಾಡುವ ಮಗುವನ್ನು ಕಂಡು ‘ಇದು ಹಠಮಾರಿ’ ಎನ್ನುತ್ತೇವೆ. ಗಲಾಟೆ ನಿಲ್ಲಿಸಿ ಮೂಲೆ ಸೇರಿದ ಮಗುವನ್ನು ಕಂಡು ‘ಸದ್ಯ, ಈಗ ಬುದ್ಧಿ ಬಂತು’ ಎಂದು ಸಮಾಧಾನಪಡುತ್ತೇವೆ. ಹಗ್ಗ ಜಗ್ಗುವ ಕರುವಿಗಿಂತ ತಲೆ ತಗ್ಗಿಸಿ ಮಲಗಿದ ಕರುವನ್ನು ಕಂಡಾಗಲೇ ಒಕ್ಕಲಿಗನಿಗೆ ಹೆಚ್ಚು ಗಾಬರಿಯಾಗುವುದು. ಮಕ್ಕಳ ವಿಷಯದಲ್ಲಿಯೂ ಹಾಗೆಯೇ ಆಗಬೇಕು.

ಈ ಮಾತನ್ನು ಹೇಳುವಾಗ ನಮ್ಮ ಕಣ್ಣ ಮುಂದೆ ನಿಲ್ಲುವುದು ಹನೂರು ತಾಲ್ಲೂಕಿನ ಗೋಪಿನಾಥಂ. ಹಿಂದೆ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದ ಊರು. ಮಹದೇಶ್ವರ ಬೆಟ್ಟದಿಂದ ಪಾಲಾರ್ ಮಾರ್ಗವಾಗಿ ಹೊಗೇನಕಲ್ ಕಡೆಗೆ ಹೋಗುವ ಕಾಡುದಾರಿಯಲ್ಲಿ ಸಿಗುತ್ತದೆ. ಸುತ್ತ ಕಾವೇರಿ ವನ್ಯಜೀವಿಧಾಮದ ಕಾಡು, ಅತ್ತ ಕಾವೇರಿ ಹೊಳೆ, ಹೊಳೆಯಾಚೆ ತಮಿಳುನಾಡು. ಹೆಚ್ಚಿನ ಮನೆಗಳಲ್ಲಿ ಆಡುವ ಮಾತು ತಮಿಳು. ಆದರೆ ಕಷ್ಟ ಬಂದಾಗ ಬಾಯಿಗೆ ಬರುವ ಹೆಸರು ಮಾದಪ್ಪನದೇ.

ಹೊರಗಿನವರು ಈ ಊರನ್ನು ವೀರಪ್ಪನ್ ಹುಟ್ಟಿದ ಊರೆಂದು ಗುರುತಿಸುತ್ತಾರೆ. ನಮಗೆ ಇದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ನೆನೆಯುವ ಊರು. ಅವರು ಅಲ್ಲಿಯೇ ಉಳಿದು, ಜನರ ಔಷಧೋಪಚಾರಕ್ಕೂ ಕುಡಿಯುವ ನೀರಿಗೂ ವ್ಯವಸ್ಥೆ ಮಾಡಿ, ಮಾರಿಯಮ್ಮನ ಗುಡಿ ಕಟ್ಟಿಸಿ, ಊರವರ ವಿಶ್ವಾಸ ಗಳಿಸಿದವರು. ಶರಣಾಗುವುದಾಗಿ ನಂಬಿಸಿ ಕರೆಸಿಕೊಂಡ ವೀರಪ್ಪನ್ 1991ರ ನವೆಂಬರ್ 10ರಂದು ಅವರನ್ನು ಕೊಂದ. ಮುಂದೆ 2004ರ ಅಕ್ಟೋಬರ್ 18ರಂದು ಅವನು ಹತನಾಗುವವರೆಗೆ ಆ ಕಾಡಂಚಿನ ಊರುಗಳ ಜನ ಒಂದು ಕಡೆ ಕಾಡುಗಳ್ಳರ ಭಯ, ಇನ್ನೊಂದು ಕಡೆ ವಿಚಾರಣೆಯ ಭಯ, ಇವೆರಡರ ನಡುವೆ ಬದುಕಿದರು. ‘ಸದ್ದು ಮಾಡಬೇಡ, ಹೊರಗೆ ಹೋಗಬೇಡ, ಯಾರು ಏನು ಕೇಳಿದರೂ ಗೊತ್ತಿಲ್ಲ ಅನ್ನು’ ಎಂದು ಹೇಳಿ ಮಕ್ಕಳನ್ನು ಬೆಳೆಸಿದ ತಾಯಂದಿರನ್ನು ನಾವು ಕಂಡಿದ್ದೇವೆ. ಅಂದು ಹಾಗೆ ಬೆಳೆದವರೇ ಇಂದು ತಂದೆತಾಯಿಗಳಾಗಿದ್ದಾರೆ. ಮಗುವನ್ನು ಮನೆಯಲ್ಲಿ ಸುಮ್ಮನೆ ಕೂರಿಸುವುದೇ ಅದನ್ನು ಕಾಪಾಡುವ ದಾರಿ ಎಂಬ ಎಣಿಕೆ ಅವರಲ್ಲಿ ಉಳಿದಿದ್ದರೆ ಅದರಲ್ಲಿ ಅವರ ತಪ್ಪಿಲ್ಲ.

ಆ ಮೇಲೆ ಬಂದದ್ದು ಕೊರೊನಾ. 2020ರ ಮಾರ್ಚ್‌ನಲ್ಲಿ ಶಾಲೆಗಳ ಬಾಗಿಲು ಮುಚ್ಚಿತು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಆ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು! ದೊಡ್ಡವರಿಗೆ ಅದು ಒಂದೂವರೆ ವರ್ಷದ ಕಷ್ಟ. ಆರು ವರ್ಷದ ಮಗುವಿಗೆ ಅದು ತಾನು ಬದುಕಿದ ಬದುಕಿನ ಕಾಲು ಭಾಗ. ಪಟ್ಟಣದ ಮಕ್ಕಳಿಗೆ ಮೊಬೈಲಿನಲ್ಲಿ ಪಾಠ ಬಂತು. ‘ವಿದ್ಯಾಗಮ’ ಎಂಬ ಹೆಸರಿನಲ್ಲಿ ಶಿಕ್ಷಕರು ಊರೂರಿಗೆ ಹೋಗಿ ಗುಡಿಯ ಜಗಲಿಯಲ್ಲಿ, ಮರದ ನೆರಳಿನಲ್ಲಿ ಪಾಠ ಮಾಡಿದರು. ಅವರ ಶ್ರಮ ದೊಡ್ಡದು. ಆದರೆ ಸೋಂಕಿನ ಭಯದಿಂದ 2020ರ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ನೆಟ್‌ವರ್ಕ್ ಸಿಗದ ಕಾಡಂಚಿನ ಹಳ್ಳಿಯ ಚಿಕ್ಕ ಮಕ್ಕಳಿಗೆ ಉಳಿದದ್ದು ಮನೆ, ಮನೆಯ ಅಜ್ಜಿ, ಅಜ್ಜ.

ಆ ವರ್ಷ ಓಡಾಟಕ್ಕೆ ಸ್ವಲ್ಪ ಸಡಿಲಿಕೆ ಸಿಕ್ಕಾಗ ನಾವು ಆ ಕಡೆಯ ಭಕ್ತರನ್ನು ನೋಡಿ ಬರಲು ಹೋಗಿದ್ದೆವು. ಒಂದು ಮನೆಯ ಮುಂದೆ ವಯಸ್ಸಾದ ತಾಯಿಯೊಬ್ಬರು ಕೈಮುಗಿದು ನಿಂತರು. ಅವರದು ನಮ್ಮ ಸಮಾಜವಲ್ಲ, ಮಾದಪ್ಪನ ಒಕ್ಕಲು. ಮಗ ಸೊಸೆ ಇಬ್ಬರೂ ದುಡಿಯಲು ಹೊಳೆಯಾಚೆಯ ಪಟ್ಟಣದಲ್ಲಿದ್ದರು. ಆರು ವರ್ಷದ ಮೊಮ್ಮಗ ಇವರ ಮಡಿಲಲ್ಲಿದ್ದ.

“ಬುದ್ಧೀ, ಕೂಸು ಮಾತೇ ಆಡ್ತಿಲ್ಲ. ಹೊರಗೆ ಬುಡಕ್ಕೆ ಆನೆ ಭಯ. ಒಳಗೆ ಕೂರ್ಸಕ್ಕೆ ಅದರ ಮೊಕ ನೋಡೋ ಭಯ” ಎಂದು ಅವರು ಕಣ್ಣೊರೆಸಿಕೊಂಡರು. ಹುಡುಗ ಗೋಡೆಗೆ ಒರಗಿ ಕೂತಿದ್ದ. ನಾವು ಹೆಸರು ಕೇಳಿದರೆ ಹೇಳಲಿಲ್ಲ. ಕೈಯಲ್ಲಿ ಹಣ್ಣು ಕೊಟ್ಟರೆ ಹಿಡಿದುಕೊಂಡ, ತಿನ್ನಲಿಲ್ಲ.

ಆಗ ನಾವು ಏನು ಹೇಳಿದೆವು ಎಂಬುದನ್ನು ಮುಚ್ಚಿಡುವುದಿಲ್ಲ. ಒಂದು ಸ್ಲೇಟು, ಬಳಪ ಕೊಡಿಸಿ, ‘ಬೆಳಿಗ್ಗೆ ಸಂಜೆ ಒಂದೊಂದು ತಾಸು ಕೂರಿಸಿ ಮಗ್ಗಿ ಹೇಳಿಸು ತಾಯೀ, ದೇವರ ನಾಮ ಬಾಯಿಪಾಠ ಮಾಡಿಸು, ಸರಿಹೋಗುತ್ತದೆ’ ಎಂದೆವು. ಮಠದಲ್ಲಿ ಮಕ್ಕಳಿಗೆ ಪಾಠ ಹೇಳಿದ ಅಭ್ಯಾಸ ನಮ್ಮಿಂದ ಆ ಮಾತನ್ನು ಆಡಿಸಿತು. ಮೊದಲೇ ಕೂತು ಕೂತು ಬಾಡಿದ ಮಗುವಿಗೆ ಇನ್ನೆರಡು ತಾಸು ಕೂರು ಎಂದು ಹೇಳಿ ಬಂದ ಹಾಗಾಯಿತು. ಅದು ನಮ್ಮ ತಪ್ಪು.

ಎರಡು ತಿಂಗಳ ಮೇಲೆ ಮತ್ತೆ ಆ ದಾರಿಯಲ್ಲಿ ಹೋದಾಗ ಹುಡುಗ ತಾನೇ ಬಾಗಿಲಿಗೆ ಓಡಿ ಬಂದ. ನಾವು ಕೊಟ್ಟ ಪಾಠದ ಫಲವೆಂದು ಒಳಗೊಳಗೆ ಸಂತೋಷಪಟ್ಟೆವು. ಆ ತಾಯಿ ನಗುತ್ತ ನಿಜ ಹೇಳಿದರು. ಸ್ಲೇಟನ್ನು ಅವನು ಮುಟ್ಟಿರಲೇ ಇಲ್ಲ. ಒಂದು ದಿನ ಆಕೆಗೆ ಕಣ್ಣು ಮಂಜಾಗಿ ರಾಗಿ ಅಳೆಯಲು ಆಗದೆ, ಪಾವನ್ನು ಅವನ ಕೈಗೆ ಕೊಟ್ಟು “ನೀನೇ ಅಳೆದು ಕೊಡು ಮಗಾ, ನಂಗೆ ಕಣ್ಣು ಕಾಣ್ದು” ಎಂದರಂತೆ. ಅವನು ಅಳೆದ. ಮರುದಿನ ಕರೆಯದೆಯೇ ಬಂದು ನಿಂತ. ದಿನಕ್ಕೆ ಎಷ್ಟು ಪಾವು ತೆಗೆದೆ ಎಂದು ಮರೆಯದಿರಲು ಇದ್ದಲಿನಿಂದ ಗೋಡೆಯ ಮೇಲೆ ಗೆರೆ ಎಳೆಯತೊಡಗಿದ. ಹೀಗೆ ಹದಿನೈದು ದಿನವಾದ ಮೇಲೆ ಒಂದು ಸಂಜೆ, ವಾರಗಟ್ಟಲೆ ನೆಟ್ಟಗೆ ಮಾತಾಡದ ಆ ಹುಡುಗ ಅಜ್ಜಿಯ ಸೆರಗು ಹಿಡಿದು, ಈ ತಿಂಗಳು ರಾಗಿ ಸಾಲುವುದಿಲ್ಲ, ಮೂರು ದಿನಕ್ಕೆ ಕಡಿಮೆ ಬೀಳುತ್ತದೆ ಎಂದನಂತೆ.

ಅಜ್ಜಿ ನಕ್ಕು ಸುಮ್ಮನಾಗಬಹುದಿತ್ತು. ಆಕೆ ಹಾಗೆ ಮಾಡಲಿಲ್ಲ. ಚೀಲವನ್ನು ತಾವೇ ಮುಟ್ಟಿ ನೋಡಿ, ಗೆರೆಗಳನ್ನು ಎಣಿಸಿ, ‘ನಿನ್ನ ಲೆಕ್ಕ ಸರಿ’ ಎಂದು ಹೇಳಿ, ವಾರಕ್ಕೆ ಎರಡು ರಾತ್ರಿ ಮುದ್ದೆಯ ಬದಲು ಅಕ್ಕಿ ಗಂಜಿ ಕಾಯಿಸಿದರು. ಆರು ವರ್ಷದ ಮಗುವಿನ ಮಾತಿನಿಂದ ಮನೆಯ ಅಡುಗೆ ಬದಲಾಯಿತು. ಅಂದಿನಿಂದ ಹುಡುಗನೂ ಬದಲಾದ. ನಾವು ಕೊಟ್ಟ ಸ್ಲೇಟಿನ ಮೇಲೆ ಕೊನೆಗೂ ಬರಹ ಮೂಡಿತು. ಅದು ಮಗ್ಗಿಯಲ್ಲ, ರಾಗಿಯ ಲೆಕ್ಕ.

ಸದ್ಭಕ್ತರೇ, ಆ ದಿನ ಗುರುಪೀಠದಲ್ಲಿ ಕುಳಿತ ನಾವು ಆ ತಾಯಿಯಿಂದ ಒಂದು ಪಾಠ ಕಲಿತು ಬಂದೆವು. ಮನೆಯಲ್ಲಿ ಸಿಕ್ಕಿಕೊಂಡ ಮಗುವಿನ ಹೊತ್ತು ಕಳೆಯಲು ಏನು ಕೊಡೋಣ ಎಂದು ನಾವು ಕೇಳುತ್ತೇವೆ. ಆ ಪ್ರಶ್ನೆಯೇ ಸರಿಯಿಲ್ಲ. ಈ ಮನೆಗೆ ಈ ಮಗುವಿನಿಂದ ಏನು ಬೇಕು ಎಂದು ಕೇಳಬೇಕು. ತನ್ನಿಂದ ಮನೆಗೆ ಏನೋ ಆಗುತ್ತದೆ ಎಂದು ತಿಳಿದ ಮಗುವಿಗೆ ಬೆಳಿಗ್ಗೆ ಏಳಲು ಒಂದು ಕಾರಣ ಇರುತ್ತದೆ. ಅದಿಲ್ಲದ ಮಗುವಿಗೆ ಬೊಂಬೆ ಕೊಟ್ಟರೂ ಎರಡು ದಿನ, ಮೊಬೈಲು ಕೊಟ್ಟರೂ ಅದರ ಚಾರ್ಜು ಮುಗಿಯುವವರೆಗೆ.

ನಮ್ಮ ಶರಣರು ಕಾಯಕವೆಂದದ್ದು ಇದನ್ನೇ ಅಲ್ಲವೇ? ನುಲಿಯ ಚಂದಯ್ಯನವರು ಹಗ್ಗ ಹೊಸೆದರು. ಆಯ್ದಕ್ಕಿ ಮಾರಯ್ಯನವರು ಬಿದ್ದ ಅಕ್ಕಿಯನ್ನು ಆಯ್ದು ತಂದರು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಇಷ್ಟು ನಮಗೇಕೆ ಎಂದು ತಿಳಿಹೇಳಿ ಮರಳಿ ಸುರಿದು ಬರುವಂತೆ ಮಾಡಿದವರು ಲಕ್ಕಮ್ಮನವರು. ಕಾಯಕ ದೊಡ್ಡದೋ ಚಿಕ್ಕದೋ ಎಂದು ಅಲ್ಲಿ ಯಾರೂ ಅಳೆಯಲಿಲ್ಲ. ನಮ್ಮ ಮಾದಪ್ಪನ ಕಥೆಯಲ್ಲಿಯೂ ಹಾಗೆಯೇ. ಏಳುಮಲೆಗೆ ಬರುವ ಮುನ್ನ ಸುತ್ತೂರು ಮಠ ಸೇರಿದ ಮಾದಪ್ಪನಿಗೆ ಸಿಕ್ಕಿದ ಕೆಲಸ ರಾಗಿ ಬೀಸುವುದು. ಬೀಸುಕಲ್ಲು ತಾನೇ ತಿರುಗಿತೆಂದು ಕಂಸಾಳೆಯವರು ಹಾಡುತ್ತಾರೆ. ಪವಾಡವನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತೇವೆ. ಬಂದವನಿಗೆ ಮಠ ಒಂದು ಕೆಲಸ ಕೊಟ್ಟಿತು, ಅವನನ್ನು ಸುಮ್ಮನೆ ಕೂರಿಸಲಿಲ್ಲ ಎಂಬುದನ್ನೂ ನೆನಪಿಡೋಣ.

ಇಲ್ಲಿ ಒಂದು ಎಚ್ಚರದ ಮಾತನ್ನು ಹೇಳಲೇಬೇಕು. ಸ್ವಾಮಿಗಳೇ ಮಕ್ಕಳಿಗೆ ಕೆಲಸ ಕೊಡಿ ಎಂದರು ಎಂದುಕೊಂಡು ಯಾರೂ ಮಗುವನ್ನು ಕೂಲಿಗೆ ಕಳಿಸಬಾರದು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು 2016ರಲ್ಲಿ ತಿದ್ದುಪಡಿಯಾದ ಕಾಯ್ದೆ ನಿಷೇಧಿಸಿದೆ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಶಾಲೆ ಹಕ್ಕು ಎಂದು 2009ರ ಕಾಯ್ದೆ ಹೇಳುತ್ತದೆ. ಕೊರೊನಾ ಕಾಲದಲ್ಲಿ ‘ಶಾಲೆ ಹೇಗೂ ಇಲ್ಲ’ ಎಂದು ಗಂಡುಮಕ್ಕಳನ್ನು ಕೂಲಿಗೆ ಹಚ್ಚಿದ ಮನೆಗಳನ್ನೂ, ಹೆಣ್ಣುಮಕ್ಕಳಿಗೆ ಅಕಾಲದಲ್ಲಿ ತಾಳಿ ಕಟ್ಟಿಸಿದ ಮನೆಗಳನ್ನೂ ನಾವು ಬಲ್ಲೆವು. ಅದು ಕಾಯಕವಲ್ಲ, ಮಗುವಿನ ಬಾಳನ್ನು ಅಡವಿಟ್ಟು ಉಂಡ ಅನ್ನ.

ಹಾಗಾದರೆ ವ್ಯತ್ಯಾಸ ಹೇಗೆ ತಿಳಿಯುವುದು? ಮಗುವಿನ ಕಾಯಕ ಅದಕ್ಕೆ ದಣಿವಾಗುವ ಮೊದಲೇ ಮುಗಿಯಬೇಕು. ಅದಕ್ಕೆ ಕೂಲಿ ಇರಬಾರದು, ತಪ್ಪಿದರೆ ಪೆಟ್ಟೂ ಇರಬಾರದು. ಪಾಠದ ಹೊತ್ತನ್ನೂ ಆಟದ ಹೊತ್ತನ್ನೂ ಅದು ಕಸಿಯಬಾರದು. ಇನ್ನೊಂದು ಮಾತು, ಕಸ ಗುಡಿಸುವುದು ಹೆಣ್ಣುಮಗುವಿಗೆ, ಲೆಕ್ಕ ಬರೆಯುವುದು ಗಂಡುಮಗುವಿಗೆ ಎಂದು ಹಂಚಬೇಡಿ. ಒಂದು ವಾರ ಇವಳು ಅಳೆಯಲಿ, ಇನ್ನೊಂದು ವಾರ ಇವನು ಗುಡಿಸಲಿ.

ಕಾಯಕವೆಂದರೆ ಏನೇನು ಕೊಡಬಹುದು ಎಂದು ನೀವು ಕೇಳಬಹುದು. ನಾಲ್ಕು ವರ್ಷದ ಮಗು ದೇವರ ಮುಂದಿನ ಹೂವನ್ನು ಬಿಡಿಸಿ ಕೊಡಬಲ್ಲದು, ಅವರೆಕಾಯಿ ಸುಲಿಯಬಲ್ಲದು. ಆರು ವರ್ಷದ ಮಗು ಒಂದು ಸೋರೆಬಳ್ಳಿಗೆ ದಿನವೂ ನೀರು ಹಾಕಿ, ಎಷ್ಟು ಗೇಣು ಬೆಳೆಯಿತೆಂದು ಅಳೆಯಬಲ್ಲದು. ಎಂಟು ವರ್ಷದ್ದು ಅಜ್ಜನ ಮಾತ್ರೆಯ ಹೊತ್ತನ್ನು ನೆನಪಿಸಬಲ್ಲದು. ಆದರೆ ಮಾತ್ರೆ ತೆಗೆದು ಕೊಡುವವರು ದೊಡ್ಡವರೇ ಆಗಿರಲಿ. ಆಯ್ಕೆಯಲ್ಲಿ ಒಂದೇ ನಿಯಮ. ಆ ಕೆಲಸ ಮನೆಗೆ ನಿಜವಾಗಿ ಬೇಕಾದದ್ದಾಗಿರಬೇಕು. ಆಯ್ದು ಬೇರೆ ಮಾಡಿದ ಕಾಳನ್ನು ಮಗುವಿನ ಬೆನ್ನ ಹಿಂದೆ ಮತ್ತೆ ಬೆರೆಸಿಟ್ಟು ‘ಮತ್ತೆ ಆಯಿ’ ಎಂದರೆ ಮಗುವಿಗೆ ಮೋಸ ತಿಳಿಯುತ್ತದೆ. ಒಮ್ಮೆ ತಿಳಿದರೆ ಅದು ಮತ್ತೆ ನಂಬುವುದಿಲ್ಲ.

ಎರಡನೆಯದು ದೇಹದ ಮಾತು. ಐದು ವರ್ಷ ದಾಟಿದ ಮಕ್ಕಳ ಮೈ ದಿನಕ್ಕೆ ಕಡೇ ಪಕ್ಷ ಒಂದು ಗಂಟೆ ಚೆನ್ನಾಗಿ ಆಡಬೇಕು, ಮೂರು ನಾಲ್ಕು ವರ್ಷದ ಮಕ್ಕಳು ದಿನದಲ್ಲಿ ಒಟ್ಟು ಮೂರು ಗಂಟೆಯಾದರೂ ಓಡಾಡಿಕೊಂಡಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡರಿಂದ ನಾಲ್ಕು ವರ್ಷದ ಮಕ್ಕಳು ಪರದೆಯ ಮುಂದೆ ಕೂರುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಚಿಕ್ಕವರಿಗೆ ಬೇಡವೇ ಬೇಡ ಎಂದು 2019ರಲ್ಲಿ ಅದೇ ಸಂಸ್ಥೆ ತಿಳಿಸಿತು. ಅಂಗಳವಿಲ್ಲ, ಹೊರಗೆ ಆನೆ, ಚಿರತೆ, ಮಳೆ, ಬಿಸಿಲು ಎಂದರೆ ಮೈ ಆಡಿಸುವುದು ಹೇಗೆ? ನಡುಮನೆಯಲ್ಲಿ ನಾಲ್ಕು ಗೆರೆ ಎಳೆದರೆ ಕುಂಟೆಬಿಲ್ಲೆ. ನಮ್ಮ ಸೀಮೆಯಲ್ಲಂತೂ ಕಂಸಾಳೆಯಿದೆ. ಕಂಚಿನ ಬಟ್ಟಲೇ ಆಗಬೇಕೆಂದಿಲ್ಲ, ಎರಡು ತೆಂಗಿನ ಚಿಪ್ಪು ಸಾಕು. ತಲೆಯ ಮೇಲೆ, ಕಾಲಿನ ಕೆಳಗೆ, ಬೆನ್ನ ಹಿಂದೆ ಚಿಪ್ಪು ತಟ್ಟುತ್ತ ಅಜ್ಜ ಹೇಳಿದ ತಾಳಕ್ಕೆ ಮಗು ಅರ್ಧ ತಾಸು ಕುಣಿದರೆ, ಅಂದು ರಾತ್ರಿ ಅದಕ್ಕೆ ಜೋಗುಳ ಬೇಕಾಗುವುದಿಲ್ಲ.

ಕೂತು ಆಡುವ ಆಟಗಳೂ ಬೇಕು. ಅಳಗುಳಿಮಣೆ ಅಟ್ಟದ ಮೇಲಿದ್ದರೆ ಇಳಿಸಿ. ಇಲ್ಲದಿದ್ದರೆ ಮಣ್ಣಿನ ನೆಲದಲ್ಲಿ ಏಳೇಳು ಗುಳಿಯ ಎರಡು ಸಾಲು ತೋಡಿ, ಹುಣಸೆ ಬೀಜ ಹಾಕಿ. ಚೌಕಾಬಾರ, ಹುಲಿ-ಕುರಿ ಆಟಗಳಿಗೆ ಸೀಮೆಸುಣ್ಣದ ಗೆರೆ ಸಾಕು. ಎಣಿಸುವುದು, ಕಾಯುವುದು, ಸೋತಾಗ ನಗುವುದು, ಈ ಮೂರನ್ನೂ ಮಗು ಅಲ್ಲಿ ಕಲಿಯುತ್ತದೆ. ಒಂದು ಮಾತು, ಪ್ರತಿ ಸಲವೂ ಬೇಕೆಂದೇ ಸೋತು ಮಗುವನ್ನು ಗೆಲ್ಲಿಸಬೇಡಿ.

ಮೂರನೆಯದು ಕಥೆ. ರಾತ್ರಿ ದೀಪ ಹಚ್ಚಿದ ಮೇಲೆ ಟಿ.ವಿ. ಹಚ್ಚುವ ಮುನ್ನ ಅರ್ಧ ಗಂಟೆ ಕಥೆಗೆ ಮೀಸಲಿಡಿ. ಸಂಕಮ್ಮನ ಸಾಲಿದೆ, ಜುಂಜೇಗೌಡನ ಸಾಲಿದೆ, ಬೇವಿನಹಟ್ಟಿ ಕಾಳಮ್ಮನ ಸಾಲಿದೆ. ಒಂದೇ ರಾತ್ರಿ ಮುಗಿಸಬೇಡಿ. ಒಳ್ಳೆಯ ಜಾಗದಲ್ಲಿ ನಿಲ್ಲಿಸಿ, ‘ಮುಂದೇನಾಯಿತು, ನಾಳೆ ನೀನೇ ಯೋಚಿಸಿ ಹೇಳು’ ಎಂದುಬಿಡಿ. ಮರುದಿನ ಇಡೀ ಹಗಲು ಆ ಮಗುವಿನ ತಲೆಯಲ್ಲಿ ಕಥೆ ನಡೆಯುತ್ತಿರುತ್ತದೆ. ಮೈ ಮನೆಯೊಳಗಿದ್ದರೂ ಮನಸ್ಸು ಏಳುಮಲೆ ಸುತ್ತುತ್ತದೆ. ಗೋಪಿನಾಥಂನಂಥ ಊರುಗಳ ಅಜ್ಜಿಯರು ‘ನಮಗೆ ಕನ್ನಡ ಚೆನ್ನಾಗಿ ಬಾರದು’ ಎಂದು ಹಿಂಜರಿಯುತ್ತಾರೆ. ತಾಯಂದಿರೇ, ನಿಮಗೆ ಬರುವ ಮಾತಿನಲ್ಲಿಯೇ ಹೇಳಿ. ಮನೆಯಲ್ಲಿ ತಮಿಳಿನಲ್ಲಿ ಕೇಳಿದ ಕಥೆಯನ್ನು ಮಗು ನಾಳೆ ಶಾಲೆಯಲ್ಲಿ ಕನ್ನಡದಲ್ಲಿ ಹೇಳಿದರೆ ಅದಕ್ಕಿಂತ ಒಳ್ಳೆಯ ಪಾಠ ಯಾವುದು? ಬೆಟ್ಟಕ್ಕೆ ಬರುವ ಭಕ್ತರು ಎರಡೂ ಭಾಷೆಯಲ್ಲಿ ಉಘೇ ಎನ್ನುತ್ತಾರೆ. ಮಾದಪ್ಪ ಎರಡನ್ನೂ ಕೇಳಿಸಿಕೊಳ್ಳುತ್ತಾನೆ.

ಕೊನೆಯದಾಗಿ ಒಂದು ಬೇಡಿಕೆ. ಮಗುವನ್ನು ಒಳಗೆ ಇರಿಸಿಕೊಳ್ಳಲು ಭಯ ಹುಟ್ಟಿಸಬೇಡಿ. ‘ಗುಮ್ಮ ಬರುತ್ತದೆ, ಪೊಲೀಸ್ ಹಿಡಿದುಕೊಂಡು ಹೋಗುತ್ತಾನೆ’ ಎಂದು ಹೆದರಿಸುವುದು ಸುಲಭ. ಭಯವನ್ನೇ ಉಂಡು ಬೆಳೆದ ಸೀಮೆ ನಮ್ಮದು. ಅದನ್ನು ಇನ್ನೊಂದು ತಲೆಮಾರಿಗೆ ಬಡಿಸುವುದು ಬೇಡ. ಆನೆಯ ವಿಷಯ ಸುಳ್ಳಲ್ಲ. ಅದನ್ನು ನಿಜವಾಗಿಯೇ ತಿಳಿಸಿ. ಆನೆ ಯಾವ ಹೊತ್ತಿಗೆ ಇಳಿಯುತ್ತದೆ, ಯಾವ ದಾರಿಯಲ್ಲಿ ನೀರಿಗೆ ಹೋಗುತ್ತದೆ, ನಾವೇಕೆ ಆ ಹೊತ್ತಿನಲ್ಲಿ ಒಳಗಿರಬೇಕು ಎಂದು ಕಾರಣ ಹೇಳಿ. ಕಾರಣ ತಿಳಿದ ಮಗು ಎಚ್ಚರ ಕಲಿಯುತ್ತದೆ. ಬರಿಯ ಹೆದರಿಕೆ ಕಂಡ ಮಗು ಅಡಗಿಕೊಳ್ಳುವುದನ್ನು ಕಲಿಯುತ್ತದೆ.

ದೂರದೂರಿನಲ್ಲಿ ದುಡಿಯುವ ತಂದೆತಾಯಿಗಳಿಗೂ ಒಂದು ಮಾತು. ಫೋನು ಮಾಡಿದಾಗ ‘ಊಟ ಮಾಡಿದೆಯಾ, ಹಠ ಮಾಡಬೇಡ’ ಎಂದು ಹೇಳಿ ಇಡಬೇಡಿ. ‘ಇಂದು ಬಳ್ಳಿ ಎಷ್ಟು ಬೆಳೆಯಿತು, ರಾಗಿ ಎಷ್ಟು ದಿನಕ್ಕೆ ಬರುತ್ತದೆ’ ಎಂದು ಕೇಳಿ. ಮನೆಯ ಸುದ್ದಿಯನ್ನು ನಿಮಗೆ ಒಪ್ಪಿಸುವ ಹೊಣೆ ಅದರದಾಗಲಿ.

ಕೊರೊನಾ ಹೋಯಿತು, ಶಾಲೆಗಳು ತೆರೆದವು. ಆದರೆ ಬೇಸಿಗೆ ರಜೆ, ಜಡಿಮಳೆ, ಜ್ವರ, ಆನೆಯ ಕಾಟ, ಮಗು ಮನೆಯಲ್ಲಿ ಸಿಕ್ಕಿಕೊಳ್ಳುವ ಕಾಲ ಪ್ರತಿ ವರ್ಷವೂ ಬರುತ್ತದೆ. ಆಗೆಲ್ಲ ‘ನಮಗೆ ಓದು ಬಾರದು, ನಾವೇನು ಕಲಿಸಿಯೇವು’ ಎಂದು ಹಿರಿಯರು ಮೊಬೈಲನ್ನು ಮಗುವಿನ ಕೈಗೆ ಕೊಟ್ಟು ಪಕ್ಕಕ್ಕೆ ಸರಿಯುತ್ತಾರೆ. ಹಾಗೆ ಸರಿಯಬೇಡಿ. ಆ ಗೋಪಿನಾಥಂನ ತಾಯಿಗೂ ಓದು ಬರುತ್ತಿರಲಿಲ್ಲ, ಕಣ್ಣೂ ಸರಿಯಾಗಿ ಕಾಣುತ್ತಿರಲಿಲ್ಲ. ತನ್ನ ಕೈಲಾಗದ್ದನ್ನು ನಾಚದೆ ಮಗುವಿಗೆ ಹೇಳಿದರು, ಮಗು ಹೇಳಿದ್ದನ್ನು ಮನಸ್ಸಿಟ್ಟು ಕೇಳಿದರು. ಮಗುವನ್ನು ಎಬ್ಬಿಸಿದ್ದು ಅಷ್ಟೇ.

ಇಂದು ಸಂಜೆ ನಿಮ್ಮ ಮನೆಯ ಮಗುವನ್ನು ಹತ್ತಿರ ಕರೆದು ಒಂದು ಪಾವನ್ನು ಅದರ ಕೈಗೆ ಕೊಟ್ಟು ನೋಡಿ. ಮಾದಪ್ಪನು ನಿಮ್ಮ ಮನೆಯ ಮಕ್ಕಳನ್ನೂ, ಅವರನ್ನು ಕಾಯುವ ನಿಮ್ಮನ್ನೂ ಚೆನ್ನಾಗಿಟ್ಟಿರಲಿ ಎಂದು ಹಾರೈಸುತ್ತೇವೆ.